ಮೊದಲು ಚಳಿ, ಆಮೇಲೆ ಕಾವು: ನನ್ನ ಮಡ್ ಟರ್ಟಲ್ ಮರಿಗಳು

ಹೋದ ಸೀಸನ್‌ನಲ್ಲಿ ಇಟ್ಟಿದ್ದು 24 ಮೊಟ್ಟೆ, ಬಂದಿದ್ದು 19 ಮರಿ. ಸ್ಟ್ರೈಪ್ಡ್ ಮಡ್ ಟರ್ಟಲ್ ಅನ್ನೋ ಸಣ್ಣ ಗೆರೆ ಆಮೆ ಸಾಕುವವರಿಗೆ ಈ ಲೆಕ್ಕ ಹೇಳಿದರೆ ಮೊದಲು ನಂಬದೆ ನಗುತ್ತಾರೆ. ಫೋಟೋ ತೋರಿಸಿದ ಮೇಲೆ ‘ಹೇಗೆ ಮಾಡಿದ್ರಿ’ ಅಂತ ಶುರು ಮಾಡುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನಿರೋದು ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಪಕ್ಕ. ಈ ಆಮೆ ಇಲ್ಲಿಯದಲ್ಲ, ಫ್ಲೋರಿಡಾ ಕಡೆಯದು. 2017ರಲ್ಲಿ ಒಂದು ಗಂಡು, ಎರಡು ಹೆಣ್ಣು ತಂದೆ. ಮೂರೂ ಸಾಕಿದವರ ಮನೆಯಲ್ಲೇ ಹುಟ್ಟಿದವು. ಸುಮಾರು 300 ಡಾಲರ್ ಆಯ್ತು. ಟಬ್, ಫಿಲ್ಟರ್, ಬಲ್ಬು, ಮೊಟ್ಟೆಗೆ ಕಾವು ಕೊಡುವ ಇನ್‌ಕ್ಯುಬೇಟರ್ ಎಲ್ಲ ಸೇರಿ ಇನ್ನೊಂದು 700. ಹೆಂಡತಿಗೆ 400 ಅಂತ ಹೇಳಿದ್ದೆ. ಊರಿಂದ ಅಮ್ಮ ವಿಡಿಯೋ ಕಾಲ್‌ನಲ್ಲಿ ನೋಡಿ, “ಆಮೆ ಹೊಕ್ಕ ಮನೆ ಹಾಳು ಅಂತಾರೆ ಕಣೋ” ಅಂದರು. ಮೊದಲ ಮೂರು ವರ್ಷ ಅವರ ಮಾತೇ ನಿಜ ಅನ್ನಿಸಿತ್ತು.

ಮೊದಲನೇ ವರ್ಷ ಹೆಣ್ಣುಗಳು ನೀರಿನಲ್ಲೇ ಮೊಟ್ಟೆ ಉದುರಿಸಿದವು. ನಾನು ಹಾಕಿದ್ದ ಮಣ್ಣು ನಾಲ್ಕು ಬೆರಳಷ್ಟೇ ಇತ್ತು. ಒಂದು ಗೇಣು ಮಾಡಿದೆ, ಸರಿಹೋಯ್ತು. ಎರಡನೇ ವರ್ಷ ಹಿತ್ತಲಿನ ಟಬ್‌ಗೆ ಕೆಂಪು ಇರುವೆ ಹತ್ತಿದವು. ಬೆಳಗ್ಗೆ ಮಣ್ಣು ಕೆದಕಿದರೆ ಖಾಲಿ ಚಿಪ್ಪು ಮಾತ್ರ. ಅದೇ ವರ್ಷ ಗಂಡು ಒಂದು ಹೆಣ್ಣಿನ ಕುತ್ತಿಗೆ ಕಚ್ಚಿ ಗಾಯ ಮಾಡಿ, ಡಾಕ್ಟರ್‌ಗೆ 180 ಡಾಲರ್ ಹೋಯ್ತು. ಅವತ್ತಿನಿಂದ ಅವನಿಗೆ ಬೇರೆ ಮನೆ, ವಾರಕ್ಕೊಂದು ಸಲ ಭೇಟಿ.

ನಿಜವಾದ ತಲೆನೋವು ಶುರುವಾಗಿದ್ದು ಮೊಟ್ಟೆ ಕೈಗೆ ಸಿಕ್ಕ ಮೇಲೆ. ಒಂದು ಸಲಕ್ಕೆ ಎರಡು, ಮೂರು ಮೊಟ್ಟೆ ಹಾಕುತ್ತವೆ. ಉದ್ದುದ್ದ ಇರುತ್ತವೆ, ಪಿಂಗಾಣಿಯಷ್ಟು ಗಟ್ಟಿ. ಒಂದಕ್ಕೊಂದು ತಾಗಿದರೆ ಬಳೆ ತಾಗಿದ ಸದ್ದು ಬರುತ್ತೆ. ಪೆನ್ಸಿಲ್‌ನಲ್ಲಿ ಮೇಲ್ಭಾಗ ಗುರುತು ಮಾಡಿ, ವರ್ಮಿಕ್ಯುಲೈಟ್ ಅನ್ನೋ ತೇವ ಹಿಡಿಯುವ ಖನಿಜದ ಹರಳಿನಲ್ಲಿ ಅರ್ಧ ಹೂತು, 28 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟೆ. ಎಲ್ಲರೂ ಮಾಡೋದೇ ಅದು. ಒಂದು ತಿಂಗಳು, ಎರಡು ತಿಂಗಳು, ಮೂರು ತಿಂಗಳು. ಟಾರ್ಚ್ ಹಿಡಿದು ನೋಡಿದರೆ ಹಾಕಿದ ದಿನ ಹೇಗಿತ್ತೋ ಹಾಗೇ. ಕೊಳೆಯೋದೂ ಇಲ್ಲ, ಬೆಳೆಯೋದೂ ಇಲ್ಲ. ಗಂಡು ಕೈಲಾಗದವನು ಅಂತ ತೀರ್ಮಾನ ಮಾಡಿ 9 ಮೊಟ್ಟೆ ಕಸದ ಬುಟ್ಟಿಗೆ ಹಾಕಿದೆ. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ಆಮೇಲೆ ಬಂತು 2021ರ ಫೆಬ್ರವರಿ. ಟೆಕ್ಸಾಸ್‌ನಲ್ಲಿ ಹಿಮ ಬಿದ್ದು ಕರೆಂಟು ಹೋದ ಕಥೆ ಇಲ್ಲಿದ್ದವರಿಗೆಲ್ಲ ಗೊತ್ತು. ನಮ್ಮ ಮನೆಯಲ್ಲಿ ಪೈಪ್ ಒಡೆದು ಸೀಲಿಂಗ್ ಕೆಳಗೆ ಬಂತು. ಆಮೆಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಕೊಂಡು ಸ್ನೇಹಿತರ ಮನೆಗೆ ಓಡಿದೆವು. ಇನ್‌ಕ್ಯುಬೇಟರ್‌ನಲ್ಲಿದ್ದ 7 ಮೊಟ್ಟೆ ಮರೆತೇ ಹೋಗಿತ್ತು. ರಿಪೇರಿ ಮುಗಿಸಿ ವಾಪಸ್ ಬಂದಾಗ ಐದು ವಾರ ಆಗಿತ್ತು. ಅಷ್ಟು ದಿನವೂ ಹೀಟರ್ ಇಲ್ಲದ ಮನೆ. ಬಿಸಾಡೋಕೆ ಡಬ್ಬಿ ಎತ್ತಿದವನು ಯಾಕೋ ಸುಮ್ನೆ ಸ್ವಿಚ್ ಹಾಕಿದೆ.

ಎರಡೂವರೆ ವಾರಕ್ಕೆ ಒಂದು ಮೊಟ್ಟೆಯ ನೆತ್ತಿಯಲ್ಲಿ ಸುಣ್ಣದ ಬೊಟ್ಟು ಇಟ್ಟ ಹಾಗೆ ಬಿಳಿ ಮಚ್ಚೆ. ದಿನಾ ಸ್ವಲ್ಪ ಅಗಲ ಆಗಿ, ಕೊನೆಗೆ ನಡುವಿಗೆ ಪಟ್ಟಿ ಕಟ್ಟಿದ ಹಾಗಾಯ್ತು. ಟಾರ್ಚ್ ಹಿಡಿದರೆ ಒಳಗೆ ಕೆಂಪು ನರಗಳು, ಜೇಡ ಕಾಲು ಚಾಚಿದ ಹಾಗೆ. 7ರಲ್ಲಿ 4 ಒಡೆದು ಮರಿ ಬಂದವು. ಒಂದೊಂದು ಒಂದು ರೂಪಾಯಿ ನಾಣ್ಯದಷ್ಟು, ಬೆನ್ನ ಮೇಲೆ ಮೂರು ಹಳದಿ ಗೆರೆ.

ಭ್ರೂಣ ಹೀಗೆ ತಡೆದು ನಿಲ್ಲೋದು ವಿಜ್ಞಾನಿಗಳಿಗೆ ಹೊಸದೇನಲ್ಲ, ಡಯಾಪಾಸ್ ಅಂತ ಹೆಸರೇ ಇದೆ. ಚಳಿ ತಾಗಿದ್ದಕ್ಕೇ ಇವು ಮತ್ತೆ ಬೆಳೆಯೋಕೆ ಶುರು ಮಾಡಿದ್ದು ಅಂತ ನಾನಂದರೆ, ನಮ್ಮ ಆಮೆ ಸಾಕುವವರ ಗುಂಪಿನಲ್ಲಿ ಮಾತ್ರ ಯಾರೂ ಒಪ್ಪಲಿಲ್ಲ. ಇದರ ಹತ್ತಿರದ ನೆಂಟ ಮಸ್ಕ್ ಟರ್ಟಲ್ ಮೊಟ್ಟೆಗೆ ಚಳಿ ಬೇಡ, ಇದಕ್ಯಾಕೆ ಬೇಕು ಅಂದರು. 20 ವರ್ಷದಿಂದ ಸಾಕುತ್ತಿರುವ ಹಿರಿಯರೊಬ್ಬರು, ‘ಅವು ಮೊದಲೇ ಬೆಳೀತಿದ್ದವು, ನಿನ್ನ ಕಣ್ಣಿಗೆ ಕಂಡಿಲ್ಲ’ ಅಂತ ತಳ್ಳಿಹಾಕಿದರು.

ಸರಿ, ಲೆಕ್ಕ ತೋರಿಸೋಣ ಅಂತ ವೈನ್ ಇಡುವ ಸಣ್ಣ ಫ್ರಿಜ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ 50 ಡಾಲರ್‌ಗೆ ತಂದೆ. “ರೀ, ನಾವು ವೈನೇ ಕುಡಿಯಲ್ವಲ್ಲ” ಅಂದಳು ಹೆಂಡತಿ. ಮುಂದಿನ ಸೀಸನ್‌ನ ಮೊಟ್ಟೆಗಳನ್ನು ಎರಡು ಪಾಲು ಮಾಡಿದೆ. ಚಳಿಗಿಟ್ಟ 14ರಲ್ಲಿ 11 ಮರಿ. ನೇರ ಕಾವಿಗಿಟ್ಟ 12ರಲ್ಲಿ 2. ಹಿರಿಯರು ಈಗ ನನ್ನ ಹತ್ತಿರ ಫ್ರಿಜ್‌ನ ಮಾಡೆಲ್ ಕೇಳಿದ್ದಾರೆ!

ನಾನು ಇಡೋದು 18 ಡಿಗ್ರಿ ಆಸುಪಾಸು, ಆರೇಳು ವಾರ. ಹೊರಗೆ ತೆಗೆದ ಮೇಲೆ 28 ಡಿಗ್ರಿ, ಹೆಚ್ಚುಕಡಿಮೆ ನೂರು ದಿನ. ಹಾಕಿದ ದಿನವೇ ಫ್ರಿಜ್‌ಗೆ ನೂಕಬೇಡಿ. ಎಷ್ಟು ದಿನ ಬಿಟ್ಟು ಇಡಬೇಕು, ಚಳಿಯಲ್ಲಿರುವಾಗ ಎಷ್ಟು ತೇವ ಬೇಕು, ಇವೆರಡು ನನ್ನ ಹತ್ತಿರವೇ ಇರಲಿ. ಮೂರು ವರ್ಷ ಕೈ ಸುಟ್ಟುಕೊಂಡು ಕಲಿತದ್ದು.

ನಡುವೆ ಇನ್ನೊಂದು ಆಟವನ್ನೂ ಆಡಿದೆ. ಕಾವಿನ ಮೇಲೆ ಗಂಡೋ ಹೆಣ್ಣೋ ಅಂತ ತೀರ್ಮಾನ ಆಗುತ್ತಲ್ವಾ, 6 ಮೊಟ್ಟೆಯನ್ನು 25-26 ಡಿಗ್ರಿಯಲ್ಲಿಟ್ಟು ನೋಡಿದೆ. ಬಂದ 5ರಲ್ಲಿ 4ಕ್ಕೆ ಈಗ ಬಾಲ ದಪ್ಪ ಆಗುತ್ತಿದೆ, ಅಂದರೆ ಗಂಡು. ಇದು ದುಡ್ಡಿನ ದೃಷ್ಟಿಯಿಂದ ಪೆದ್ದ ಕೆಲಸ. ಆಮೆಯಿಂದ ಹರಡುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಭಯಕ್ಕೆ 1975ರಿಂದ ಅಮೆರಿಕದಲ್ಲಿ ಚಿಪ್ಪು 4 ಇಂಚು ಆಗದ ಆಮೆಯನ್ನು ಸಾಕಲು ಮಾರುವ ಹಾಗಿಲ್ಲ. ಈ ಜಾತಿಯ ಎಷ್ಟೋ ಗಂಡುಗಳು ಮುದುಕರಾದರೂ 4 ಇಂಚು ಮುಟ್ಟಲ್ಲ! ಹೆಣ್ಣು ಮುಟ್ಟೋಕೂ ವರ್ಷಗಟ್ಟಲೆ ತಿನ್ನಿಸಬೇಕು. ಇದುವರೆಗೆ ಮಾರಿದ್ದು ಮೂರು, ಬಂದಿದ್ದು 400 ಚಿಲ್ಲರೆ. ಎರೆಹುಳದ ಖರ್ಚೇ ಅದಕ್ಕಿಂತ ಜಾಸ್ತಿ.

ಮಂಡ್ಯದ ನಮ್ಮ ಗದ್ದೆ ಕಾಲುವೆಯಲ್ಲಿ, ಹಿಂಗಾಲು ಮುಚ್ಚಿಕೊಳ್ಳೋಕೆ ಹೊಟ್ಟೆ ಕಡೆ ಮುಚ್ಚಳ ಇರುವ ಮೆತ್ತನೆ ಚಿಪ್ಪಿನ ಆಮೆ ಸಿಗುತ್ತಿತ್ತು. ಅದರ ಮೊಟ್ಟೆಯೂ ಹೀಗೇ ತಿಂಗಳುಗಟ್ಟಲೆ ಮಣ್ಣಲ್ಲಿ ತಡೆದು ಕೂರುತ್ತೆ. ‘ಮಳೆ ಬೀಳದೆ ಅದು ಆಚೆ ಬರಲ್ಲ’ ಅಂತಿದ್ದರು ತಾತ. ಅವರ ಮಾತು ಆಗಲೇ ತಲೆಗೆ ಹೋಗಿದ್ದರೆ ಆ 9 ಮೊಟ್ಟೆ ಉಳಿಯುತ್ತಿದ್ದವು. ಊರಲ್ಲಿರುವವರು ಇದನ್ನೋದಿ ಆ ಆಮೆ ಹಿಡಿದು ತರಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಹುಲಿ ಇರುವ ಮೊದಲ ಪಟ್ಟಿಯಲ್ಲೇ ಇದೆ. ಜೈಲಾಗುತ್ತೆ.

ಈ ಸೀಸನ್‌ನ ಮೊದಲ ಮೂರು ಮೊಟ್ಟೆ ನಿನ್ನೆ ಸಿಕ್ಕವು. ಸದ್ಯಕ್ಕೆ ಪೆನ್ಸಿಲ್ ಗುರುತು ಹಾಕಿಸಿಕೊಂಡು ಅಡುಗೆಮನೆ ಶೆಲ್ಫ್ ಮೇಲೆ, ಸಾಸಿವೆ ಡಬ್ಬಿ ಪಕ್ಕ ಕೂತಿವೆ. ಫ್ರಿಜ್‌ನ ಪ್ಲಗ್ ಇನ್ನೂ ಹಾಕಿಲ್ಲ.