ಪ್ಯಾಕೇಜ್ ತೆಗೆಯುವ ಮೊದಲು ಪಟ್ಟಿ ಓದಿ

ಲಿನಕ್ಸ್‌ನಲ್ಲಿ ಒಂದು ಸಾಫ್ಟ್‌ವೇರ್ ತೆಗೆಯಲು ಹೋಗಿ ಇಡೀ ಡೆಸ್ಕ್‌ಟಾಪನ್ನೇ ಕಳೆದುಕೊಂಡವರನ್ನು ತುಂಬಾ ನೋಡಿದ್ದೇನೆ. ರೀಬೂಟ್ ಮಾಡಿದರೆ ಕಪ್ಪು ಪರದೆ, ಮೇಲೆ ಲಾಗಿನ್ ಕೇಳುವ ಒಂದೇ ಸಾಲು. ಅವರು ಕೊಟ್ಟ ಕಮಾಂಡ್ ಸರಿಯಾಗಿಯೇ ಇತ್ತು. ಅದರ ಹಿಂದೆ ಬಂದ, ಏನೇನು ಹೋಗುತ್ತದೆ ಎಂಬ ಪಟ್ಟಿಯನ್ನು ಓದದೆ ‘ವೈ’ (ಹೌದು) ಒತ್ತಿಬಿಟ್ಟಿದ್ದರು.

ಹಂತ 1: ಹೆಸರು ಪತ್ತೆ ಮಾಡಿ

ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ಬರುವುದು ಪ್ಯಾಕೇಜ್ ಎಂಬ ಕಟ್ಟಾಗಿ. ಡೆಬಿಯನ್, ಉಬುಂಟುಗಳಲ್ಲಿ ಅದನ್ನು ಹಾಕುವುದು, ತೆಗೆಯುವುದು ಆಪ್ಟ್. ಅವನ್ನು ಬಳಸುವವರು ‘ಆಪ್ಟ್ ಲಿಸ್ಟ್ --ಇನ್‌ಸ್ಟಾಲ್ಡ್’ ಕೊಟ್ಟು ಪ್ಯಾಕೇಜಿನ ನಿಜವಾದ ಹೆಸರು ನೋಡಿಕೊಳ್ಳಿ. ಅಲ್ಲಿ ಸಿಗದಿದ್ದರೆ ಅದು ಬೇರೆ ಬಗೆಯ ಪ್ಯಾಕೇಜುಗಳಾದ ಸ್ನ್ಯಾಪ್ ಅಥವಾ ಫ್ಲ್ಯಾಟ್‌ಪ್ಯಾಕ್ ಆಗಿರಬಹುದು, ಅವುಗಳಿಗೆ ಬೇರೆ ಕಮಾಂಡ್ ಇದೆ. ಸೋರ್ಸ್‌ನಿಂದ ಕಂಪೈಲ್ ಮಾಡಿದ್ದಾದರೆ ಆ ಫೋಲ್ಡರ್‌ಗೆ ಹೋಗಿ ‘ಸುಡೊ ಮೇಕ್ ಅನ್‌ಇನ್‌ಸ್ಟಾಲ್’ ಕೊಟ್ಟು ನೋಡಿ. ಎಲ್ಲ ಪ್ರಾಜೆಕ್ಟ್‌ಗಳಲ್ಲೂ ಅದು ಇರುವುದಿಲ್ಲ. ಹಾಗಾಗಿಯೇ ಪ್ಯಾಕೇಜ್ ಸಿಗುವಾಗ ಕಂಪೈಲ್ ಮಾಡಲು ಹೋಗಬೇಡಿ ಅನ್ನುತ್ತೇನೆ.

ಫೈಲನ್ನು ಹುಡುಕಿ ‘ಆರ್‌ಎಂ’ ಕೊಟ್ಟು ಅಳಿಸುವುದಂತೂ ಬೇಡವೇ ಬೇಡ. ಫೈಲ್ ಹೋಗುತ್ತದೆ, ಆದರೆ ಪ್ಯಾಕೇಜ್ ಇನ್ನೂ ಇದೆ ಎಂದೇ ಸಿಸ್ಟಂ ನಂಬಿಕೊಂಡಿರುತ್ತದೆ.

ಹಂತ 2: ತೆಗೆಯುವ ಮೊದಲು ಸುಮ್ನೆ ಕೇಳಿ ನೋಡಿ

ಜನ ಎಡವುವುದು ಇಲ್ಲೇ. ‘ಆಪ್ಟ್-ಗೆಟ್ -ಎಸ್ ರಿಮೂವ್’ ಎಂದು ಬರೆದು ಪ್ಯಾಕೇಜಿನ ಹೆಸರು ಕೊಡಿ. ಆ ‘-ಎಸ್’ ಇದ್ದರೆ ಏನನ್ನೂ ಅಳಿಸುವುದಿಲ್ಲ, ಏನೇನು ಅಳಿಸುತ್ತಿತ್ತು ಎಂದಷ್ಟೇ ಹೇಳುತ್ತದೆ. ಸುಡೊ (ಅಡ್ಮಿನ್ ಅಧಿಕಾರ) ಕೂಡ ಬೇಕಾಗಿಲ್ಲ. ಆಪ್ಟ್‌ನ ಬದಲು ಫೆಡೋರಾದಲ್ಲಿರುವ ಡಿಎನ್‌ಎಫ್‌ನಲ್ಲಿ ಇದೇ ಕೆಲಸಕ್ಕೆ ‘--ಅಸ್ಯೂಮ್‌ನೊ’ ಇದೆ.

ಪರದೆಯಲ್ಲಿ ‘ರೆಮ್ವ್’ ಎಂದು ಶುರುವಾಗುವ ಸಾಲುಗಳನ್ನು ಒಂದೊಂದಾಗಿ ಓದಿ. ನೀವು ಹೇಳಿದ್ದು ಒಂದೇ ಹೆಸರು, ಅಲ್ಲಿರುವುದು ನಲವತ್ತು ಅಂದರೆ ಅಲ್ಲೇ ನಿಲ್ಲಿ.

ಯಾಕೆ ಹೀಗಾಗುತ್ತದೆ? ಅವಲಂಬನೆಗೆ ಎರಡು ದಿಕ್ಕು. ನೀವು ತೆಗೆಯುವ ಪ್ಯಾಕೇಜ್ ಕೆಲಸ ಮಾಡಲು ಬೇಕಾಗಿದ್ದ ಲೈಬ್ರರಿಗಳು ಒಂದು ಕಡೆ. ಅವು ಆಪ್ಟ್‌ನಲ್ಲಿ ತಕ್ಷಣ ಹೋಗುವುದಿಲ್ಲ, ಉಳಿದುಕೊಳ್ಳುತ್ತವೆ. ನಿಮ್ಮ ಪ್ಯಾಕೇಜನ್ನೇ ನಂಬಿಕೊಂಡ ಬೇರೆ ಪ್ಯಾಕೇಜುಗಳು ಇನ್ನೊಂದು ಕಡೆ. ಅವು ಮಾತ್ರ ಅದರ ಜೊತೆಗೇ ಹೋಗುತ್ತವೆ. ಅಪಾಯ ಇರುವುದು ಈ ಎರಡನೆಯದರಲ್ಲಿ.

ಪೈಥಾನ್ ವಿಷಯದಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. ಹೊಸ ಆವೃತ್ತಿ ಹಾಕಿಕೊಂಡವರು ಹಳೆಯದು ಯಾಕೆ ಎಂದು ಉಬುಂಟುವಿನ ‘ಪೈಥಾನ್3’ ತೆಗೆಯಲು ಹೋಗುತ್ತಾರೆ. ಆದರೆ ಸಿಸ್ಟಂನ ಎಷ್ಟೋ ಸಲಕರಣೆಗಳು ಬರೆದಿರುವುದೇ ಪೈಥಾನ್‌ನಲ್ಲಿ. ಅವೆಲ್ಲ ಸಾಲಾಗಿ ಆ ಪಟ್ಟಿಗೆ ಬರುತ್ತವೆ. ಸಿಸ್ಟಂನ ಪೈಥಾನ್ ಮುಟ್ಟಲೇಬೇಡಿ, ಹೊಸದು ಅದರ ಪಕ್ಕದಲ್ಲಿ ಇರಲಿ.

ಕರ್ನಲ್ (ಸಿಸ್ಟಂನ ತಿರುಳು), ಡೆಸ್ಕ್‌ಟಾಪ್, ನೆಟ್‌ವರ್ಕ್ ಮ್ಯಾನೇಜರ್, ಗ್ರಬ್ (ಸಿಸ್ಟಂ ಬೂಟ್ ಮಾಡಿಸುವುದು), ಸುಡೊ, ಇವುಗಳಲ್ಲಿ ಯಾವುದೇ ಹೆಸರು ಕಂಡರೂ ಮುಂದುವರಿಯಬೇಡಿ. ಯಾರು ಯಾರನ್ನು ಹಿಡಿದುಕೊಂಡಿದ್ದಾರೆ ಎಂದು ‘ಆಪ್ಟ್ ಆರ್‌ಡಿಪೆಂಡ್ಸ್ --ಇನ್‌ಸ್ಟಾಲ್ಡ್’ ತೋರಿಸುತ್ತದೆ.

2021ರಲ್ಲಿ ಪಾಪ್ ಓಎಸ್ ಎಂಬ ಲಿನಕ್ಸ್‌ನಲ್ಲಿ ಗೇಮ್‌ಗಳ ಆ್ಯಪ್ ಸ್ಟೀಮ್ ಹಾಕಲು ಹೋದ ಒಬ್ಬ ಹೆಸರಾಂತ ಯೂಟ್ಯೂಬರ್‌ನ ಡೆಸ್ಕ್‌ಟಾಪ್ ಹೀಗೇ ಹೋಯಿತು. ಆಪ್ಟ್ ಎಚ್ಚರಿಸಿತ್ತು. ‘ಹೌದು, ನಾನು ಹೇಳಿದಂತೆ ಮಾಡು’ ಎಂಬ ಅರ್ಥದ ಪೂರ್ತಿ ವಾಕ್ಯವನ್ನೇ ಟೈಪ್ ಮಾಡಿಸಿಕೊಂಡಿತ್ತು. ಎಚ್ಚರಿಕೆ ಇದ್ದರೂ ಓದದಿದ್ದರೆ ಪ್ರಯೋಜನವಿಲ್ಲ ಅಲ್ವಾ?

ಗೈಡ್‌ಗಳಲ್ಲಿ ಕಾಣುವ, ಕೇಳುವ ಮೊದಲೇ ಹೌದು ಎಂದುಬಿಡುವ ‘-ವೈ’ಯನ್ನು ಅಳಿಸಿಯೇ ಕಮಾಂಡ್ ಪೇಸ್ಟ್ ಮಾಡಿ. ಇನ್‌ಸ್ಟಾಲ್‌ಗೆ ಬೇಕಾದರೆ ಇರಲಿ, ರಿಮೂವ್‌ಗೆ ಬೇಡ. ಹೆಸರಿನ ಕೊನೆಗೆ ನಕ್ಷತ್ರ ಚಿಹ್ನೆ ಹಾಕುವುದೂ ಬೇಡ, ನೀವು ಊಹಿಸದ ಹೆಸರುಗಳೂ ಅದಕ್ಕೆ ಸಿಕ್ಕಿಬೀಳುತ್ತವೆ. ಒಂದೇ ಕ್ಲಿಕ್‌ನಲ್ಲಿ ಎಲ್ಲ ಸ್ವಚ್ಛ ಮಾಡುತ್ತೇವೆ ಎನ್ನುವ ಕ್ಲೀನರ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಆ ಪಟ್ಟಿ ನಿಮ್ಮ ಕಣ್ಣಿಗೆ ಬೀಳಬೇಕು.

ಹಂತ 3: ರಿಮೂವ್ ಅಥವಾ ಪರ್ಜ್

ಮತ್ತೆ ಹಾಕಿಕೊಳ್ಳುವ ಯೋಚನೆ ಇದ್ದರೆ ‘ರಿಮೂವ್’ ಸಾಕು, ಸೆಟ್ಟಿಂಗ್ಸ್ ಉಳಿಯುತ್ತವೆ. ಇಲ್ಲದಿದ್ದರೆ ಸಿಸ್ಟಂನಲ್ಲಿರುವ ಸೆಟ್ಟಿಂಗ್ಸನ್ನೂ ಅಳಿಸುವ ‘ಪರ್ಜ್’. ಡೇಟಾಬೇಸ್ ಪ್ಯಾಕೇಜ್ ಪರ್ಜ್ ಮಾಡುವಾಗ ಒಳಗಿನ ಮಾಹಿತಿಯನ್ನೂ ಅಳಿಸಲೇ ಎಂಬ ಪ್ರಶ್ನೆ ಬರಬಹುದು, ಬ್ಯಾಕಪ್ ಇಲ್ಲದೆ ಒಪ್ಪಬೇಡಿ. ನಿಮ್ಮ ಹೋಮ್ ಫೋಲ್ಡರ್‌ನಲ್ಲಿರುವ ಸೆಟ್ಟಿಂಗ್ಸನ್ನು ಎರಡೂ ಮುಟ್ಟುವುದಿಲ್ಲ.

ಹಂತ 4: ಉಳಿದ ಲೈಬ್ರರಿಗಳು

‘ಆಪ್ಟ್ ಆಟೋರಿಮೂವ್’ ಇವನ್ನು ತೆಗೆಯುತ್ತದೆ. ನೀವಾಗಿ ಹಾಕಿದ್ದು, ಇನ್ನೊಂದರ ಜೊತೆ ತಾನಾಗಿ ಬಂದದ್ದು ಎಂದು ಆಪ್ಟ್ ಗುರುತು ಇಟ್ಟಿರುತ್ತದೆ. ತಾನಾಗಿ ಬಂದು ಈಗ ಯಾರಿಗೂ ಬೇಡವಾದದ್ದನ್ನು ಅಳಿಸುತ್ತದೆ. ಆದರೆ ನೀವು ದಿನಾ ಬಳಸುವ ಸಾಫ್ಟ್‌ವೇರ್ ಕೂಡ ತಾನಾಗಿ ಬಂದದ್ದೇ ಆಗಿರಬಹುದು. ಇಲ್ಲೂ ಮೊದಲು ‘-ಎಸ್’ ಹಾಕಿ ನೋಡಿ. ಬೇಕಾದ ಹೆಸರು ಕಂಡರೆ ‘ಸುಡೊ ಆಪ್ಟ್-ಮಾರ್ಕ್ ಮ್ಯಾನ್ಯುಯಲ್’ ಎಂದು ಬರೆದು ಆ ಹೆಸರು ಕೊಡಿ, ಆಮೇಲೆ ಅದು ಆಟೋರಿಮೂವ್ ಪಟ್ಟಿಗೆ ಬರುವುದಿಲ್ಲ.

ಡಿಎನ್‌ಎಫ್ ಈ ಕೆಲಸವನ್ನು ರಿಮೂವ್ ಜೊತೆಯಲ್ಲೇ ಮಾಡುತ್ತದೆ, ಹಾಗಾಗಿ ಅಲ್ಲಿ ಪಟ್ಟಿ ಇನ್ನೂ ಉದ್ದ. ಆರ್ಚ್ ಲಿನಕ್ಸ್‌ನಲ್ಲಿ ಈ ಕೆಲಸ ಮಾಡುವ ಪ್ಯಾಕ್‌ಮ್ಯಾನ್‌ನಲ್ಲಿ ‘-ಆರ್‌ಎಸ್’ ಬಳಸಿ. ಬೇರೆ ಪ್ಯಾಕೇಜುಗಳಿಗೆ ಬೇಕಾದ ಪ್ಯಾಕೇಜನ್ನು ತೆಗೆಯಲು ಅದು ಒಪ್ಪುವುದಿಲ್ಲ. ಅದನ್ನು ಮೀರಲು ‘-ಆರ್‌ಡಿಡಿ’ ಹಾಕಬೇಡಿ. ಲಿನಕ್ಸ್ ಅಲ್ಲದ ಫ್ರೀಬಿಎಸ್‌ಡಿಯಲ್ಲಿ ‘ಪಿಕೆಜಿ ಡಿಲೀಟ್’, ಆಮೇಲೆ ‘ಪಿಕೆಜಿ ಆಟೋರಿಮೂವ್’.

ಇಷ್ಟಾದರೂ ಎಡವಟ್ಟಾದರೆ ರೀಬೂಟ್ ಮಾಡಬೇಡಿ. ಟರ್ಮಿನಲ್ ತೆರೆದೇ ಇರಲಿ. ಡಿಎನ್‌ಎಫ್‌ನಲ್ಲಿ ‘ಹಿಸ್ಟರಿ ಅನ್‌ಡೂ’ ಇದೆ. ಆಪ್ಟ್‌ನಲ್ಲಿ ‘/ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್’ ತೆರೆದು ಕೊನೆಯಿಂದ ಓದಿ. ಆಗ ಹೋದದ್ದೆಲ್ಲ ‘ರಿಮೂವ್:’ (ಪರ್ಜ್ ಮಾಡಿದ್ದರೆ ‘ಪರ್ಜ್:’) ಸಾಲಿನಲ್ಲಿ ಹೆಸರು ಸಮೇತ ಇರುತ್ತದೆ. ನೆಟ್‌ವರ್ಕ್ ಇನ್ನೂ ಇದ್ದಾಗಲೇ ಅವನ್ನು ಮತ್ತೆ ಇನ್‌ಸ್ಟಾಲ್ ಮಾಡಿ.