ಸಾಯುವ ಮೊದಲಿನ ಎಂಟು ಗಂಟೆ

ಕೋಶದ ಪ್ರೋಟೀನ್‌ಗಳನ್ನು ಗೆರೆಗಳಾಗಿ ತೋರಿಸುವ ಬ್ಲಾಟನ್ನು ಮೊದಲ ಸಲ ತೆಗೆದಾಗ ಕಂಡದ್ದು ಬರೀ ಮಸುಕು ಗೆರೆಗಳು. ಮೈಲೋಮಾ ಎಂಬ ರಕ್ತದ ಕ್ಯಾನ್ಸರಿನ ಕೋಶಗಳಿಗೆ ಬೋರ್ಟೆಜೋಮಿಬ್ ಎಂಬ ಮದ್ದು ಹಾಕಿ 24 ಗಂಟೆ ಬಿಟ್ಟಿದ್ದೆ. ಅಷ್ಟರಲ್ಲಿ ಬಹುಪಾಲು ಕೋಶಗಳು ಸತ್ತೇ ಹೋಗಿದ್ದವು. ಸತ್ತದ್ದು ಗೊತ್ತಾಯಿತು, ಹೇಗೆ ಸತ್ತವು ಅನ್ನೋದು ಗೊತ್ತಾಗಲಿಲ್ಲ. ಹೋಲಿಕೆಗೆಂದು ನೋಡುವ, ಎಲ್ಲ ಸಾಲಲ್ಲೂ ಸಮವಾಗಿರಬೇಕಾದ ಆ್ಯಕ್ಟಿನ್ ಪ್ರೋಟೀನಿನ ಗೆರೆಯೂ ಚೆದುರಿತ್ತು, ಅಂಥ ಬ್ಲಾಟ್ ನಂಬುವ ಹಾಗೇ ಇಲ್ಲ.

ಬೇಜಾರಲ್ಲೇ ಶಿರಸಿಗೆ, ಮನೆಗೆ ಬಂದೆ. ಅಡಿಕೆ ಕೊನೆ ಕೊಯ್ಲು ನಡೆದಿತ್ತು. ಅಂಗಳದ ತುಂಬ ಹಸಿ ಅಡಿಕೆ ರಾಶಿ, ಸುಲಿಯುವವರು ಇಬ್ಬರೇ. ಮೆಟ್ಟುಗತ್ತಿ ಮುಂದೆ ಕೂತಿದ್ದ ಆಯಿಯ ಕೈಬೆರಳೆಲ್ಲ ತೊಗರಿನಿಂದ ಕಪ್ಪಾಗಿತ್ತು. ಜನ ಸಿಗದಿದ್ದರೆ ಏನು ಮಾಡ್ತೀರಿ ಎಂದು ಅಪ್ಪಯ್ಯನನ್ನು ಕೇಳಿದೆ. "ಮೊದ್ಲು ಕೊನೆ ಕೊಯ್ಯದು ನಿಲ್ಸವು ಕೂಸೆ" ಅಂದ.

ಕೋಶವೂ ಮಾಡುವುದು ಅದನ್ನೇ, ಅಲ್ವಾ! ಪ್ಲಾಸ್ಮಾ ಕೋಶದ ಕಸುಬೇ ಪ್ರತಿಕಾಯ ಎಂಬ ಪ್ರೋಟೀನ್ ತಯಾರಿಸುವುದು. ಅದು ಕ್ಯಾನ್ಸರ್ ಆಗಿ ಮೈಲೋಮಾ ಎನಿಸಿಕೊಂಡ ಮೇಲೂ ಸಾಮಾನ್ಯವಾಗಿ ಆ ಕೆಲಸ ಬಿಡುವುದಿಲ್ಲ. ಪ್ರೋಟೀನನ್ನು ಸರಿಯಾಗಿ ಮಡಚುವ ಜಾಗ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್. ಮಡಿಕೆ ತಪ್ಪಿದ್ದನ್ನು ಹೊರಗೆಳೆದು ಚೂರು ಮಾಡುವುದು ಪ್ರೋಟಿಯಾಸೋಮ್. ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ಪಡೆದ ಬೋರ್ಟೆಜೋಮಿಬ್ ಆ ಪ್ರೋಟಿಯಾಸೋಮನ್ನೇ ತಡೆಯುತ್ತದೆ. ಒಳಗೆ ರಾಶಿ ಏರುತ್ತದೆ. ಆಗ ಪರ್ಕ್ ಎಂಬ ಕಾವಲು ಪ್ರೋಟೀನ್ ಎಚ್ಚೆತ್ತು ಹೊಸ ಪ್ರೋಟೀನ್ ತಯಾರಿಗೆ ಕಡಿವಾಣ ಹಾಕುತ್ತದೆ. ಇದು ಕೋಶ ಬದುಕಲು ಮಾಡುವ ಪ್ರಯತ್ನ. ಆದರೂ ರಾಶಿ ಕರಗದಿದ್ದರೆ ಅದೇ ದಾರಿಯಲ್ಲಿ ಚಾಪ್ ಎಂಬ ಪ್ರೋಟೀನ್ ಏರುತ್ತದೆ. ಕೋಶವನ್ನು ಕಾಯುವ ಬಿಸಿಎಲ್-2 ತಗ್ಗುತ್ತದೆ, ಸಾವಿನ ಕಡೆ ತಳ್ಳುವ ಬಿಮ್ ಜಾಸ್ತಿಯಾಗುತ್ತದೆ. ಮೈಟೊಕಾಂಡ್ರಿಯಾದ ಹೊರಪೊರೆ ಸೋರಿ ಕೋಶವನ್ನು ಒಳಗಿಂದಲೇ ಕತ್ತರಿಸುವ ಕ್ಯಾಸ್ಪೇಸ್ ಎಂಬ ಕಿಣ್ವಗಳು ಕೆಲಸ ಶುರು ಮಾಡುತ್ತವೆ.

ಅಂದರೆ ನಾನು ನೋಡಬೇಕಿದ್ದದ್ದು ಸಾವನ್ನಲ್ಲ, ಅದಕ್ಕೂ ಮೊದಲಿನ ಹೊತ್ತನ್ನು. ಲ್ಯಾಬಿಗೆ ಮರಳಿ ಅದೇ 10 ನ್ಯಾನೊಮೋಲಾರ್ ಮದ್ದು ಹಾಕಿ 2, 4, 8, 16, 24 ಗಂಟೆಗೆ ಒಂದೊಂದು ಟ್ಯೂಬ್ ತೆಗೆದೆ. ರಾತ್ರಿಯೆಲ್ಲ ಅಲ್ಲೇ ಇದ್ದೆ. ಮದ್ದಿಲ್ಲದ ಟ್ಯೂಬನ್ನೂ ಪ್ರತಿ ಸಲ ಜೊತೆಗೇ ತೆಗೆಯಬೇಕು, ಇದನ್ನು ಯಾರೂ ಬಿಡಬೇಡಿ. 8ನೇ ಗಂಟೆಯ ಸಾಲಿನಲ್ಲಿ ಚಾಪ್ ಗೆರೆ ದಟ್ಟವಾಗಿ ಎದ್ದು ಬಂತು. ಆ್ಯಕ್ಟಿನ್ ಗೆರೆ ಸಮವಾಗಿತ್ತು. ಕತ್ತರಿಸಿದ, ಅಂದರೆ ಕೆಲಸಕ್ಕಿಳಿದ ಕ್ಯಾಸ್ಪೇಸ್-3 ಚೆನ್ನಾಗಿ ಕಂಡದ್ದು 16ರಲ್ಲಿ. ಆ ಫಿಲ್ಮನ್ನು ಬೆಳಕಿಗೆ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ.

ಅನೆಕ್ಸಿನ್ ಬಣ್ಣ ಹಾಕಿದಾಗಲೂ ಕ್ರಮ ಅದೇ. ಸಾಯಲು ಹೊರಟ ಕೋಶ ತನ್ನ ಒಳಪದರದ ಕೊಬ್ಬನ್ನು ಹೊರಗೆ ತಿರುಗಿಸುತ್ತದೆ, ಅನೆಕ್ಸಿನ್ ಅದಕ್ಕೆ ಅಂಟಿ ಹಸಿರಾಗಿ ಹೊಳೆಯುತ್ತದೆ. ಕೋಶದ ಪೊರೆ ಒಡೆದ ಮೇಲಷ್ಟೇ ಪ್ರೊಪಿಡಿಯಮ್ ಎಂಬ ಇನ್ನೊಂದು ಬಣ್ಣದ ಕೆಂಪು ಒಳಹೋಗುತ್ತದೆ. ಮೊದಲು ಬರೀ ಹಸಿರು, ಆಮೇಲೆ ಎರಡೂ.

24ನೇ ಗಂಟೆಯ ಟ್ಯೂಬಲ್ಲಿ ಯಾವ ಬಣ್ಣವನ್ನೂ ಹಿಡಿಯದ ಕೋಶಗಳು ಒಂದಿಷ್ಟು ಉಳಿದಿದ್ದವು. ಒಳಗೆ ಪ್ರೋಟೀನ್ ರಾಶಿ ಕಡಿಮೆ ಇದ್ದವೇ ಉಳಿದವಾ ಎಂಬ ಅನುಮಾನ ನನಗೆ. ಬಣ್ಣ ಹಾಕದೆ ಎತ್ತಿಟ್ಟಿದ್ದ ಪಾಲನ್ನು ತೊಳೆದು ಬೇರೆ ಫ್ಲಾಸ್ಕಿಗೆ ಹಾಕಿದ್ದೇನೆ. 37 ಡಿಗ್ರಿಯಲ್ಲಿ, ನಿಧಾನವಾಗಿ, ಮತ್ತೆ ಬೆಳೆಯುತ್ತಿವೆ.