ಹೋಮೋಸಿಸ್ಟೀನ್ 58 ಬಂದಾಗ

36 ವರ್ಷದ ಗಂಡಸು. ಬಿಪಿ ಇಲ್ಲ, ಶುಗರ್ ಇಲ್ಲ, ಬೀಡಿ ಸಿಗರೇಟಿನ ಅಭ್ಯಾಸವೂ ಇಲ್ಲ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಬಲಗೈ ಸೋತಿತ್ತು. ದೊಡ್ಡಾಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನನ್ನ ಕ್ಲಿನಿಕ್‌ಗೆ ತೋರಿಸಲು ಬಂದರು. ರಿಪೋರ್ಟಿನಲ್ಲಿ ಹೋಮೋಸಿಸ್ಟೀನ್ 58. ಇದು ರಕ್ತದಲ್ಲಿರುವ ಒಂದು ಅಮೈನೋ ಆಮ್ಲ. ತುಂಬಾ ಜಾಸ್ತಿಯಿದ್ದವರಲ್ಲಿ ಹೆಪ್ಪು ಕಟ್ಟುವ ಅಪಾಯ ಹೆಚ್ಚು. ಇರಬೇಕಾದ್ದು 15ರೊಳಗೆ.

ಈ ಅಂಕಿಯನ್ನು ನಾನು ಒಂದೇ ಸಲಕ್ಕೆ ನಂಬುವುದಿಲ್ಲ. ರಕ್ತ ತೆಗೆದ ಮೇಲೂ ಕೆಂಪು ಕಣಗಳು ಹೋಮೋಸಿಸ್ಟೀನ್ ಬಿಡುತ್ತಲೇ ಇರುತ್ತವೆ. ಟ್ಯೂಬ್ ಸುಮ್ನೆ ಮೇಜಿನ ಮೇಲೆ ಎರಡು ಮೂರು ಗಂಟೆ ಕೂತರೆ ಸಾಕು, ಅಂಕಿ ಏರುತ್ತದೆ. ಹಾಗಾಗಿ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆಸಿ, ಟ್ಯೂಬನ್ನು ಐಸ್‌ನಲ್ಲಿಡಿಸಿ, ಒಂದು ಗಂಟೆಯೊಳಗೆ ಕಣಗಳಿಂದ ಪ್ಲಾಸ್ಮಾ, ಅಂದರೆ ರಕ್ತದ ದ್ರವ ಭಾಗ, ಬೇರೆ ಮಾಡಿಸಿದೆ. ಈ ಸಲ 49. ಆದರೂ ತುಂಬಾ ಜಾಸ್ತಿ. ಕಿಡ್ನಿ, ಥೈರಾಯ್ಡ್ ಸರಿಯಿದ್ದವು. ಬಿ12 ವಿಟಮಿನ್ ಮಾತ್ರ 110, ತೀರಾ ಕಡಿಮೆ. ಹೋಮೋಸಿಸ್ಟೀನ್ ಕರಗಿಸಲು ಮೈಗೆ ಬಿ12 ಮತ್ತು ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ ಬೇಕು.

ನಾಲಿಗೆ ಚಾಚಲು ಹೇಳಿದೆ. ಕೆಂಪಗೆ, ಗಾಜಿನ ಹಾಗೆ ನುಣುಪು. ಟ್ಯೂನಿಂಗ್ ಫೋರ್ಕ್ ಬಡಿದು ಕಾಲಿನ ಹೆಬ್ಬೆರಳಿಗೆ ಒತ್ತಿದರೆ ಅವರಿಗೆ ಕಂಪನವೇ ಗೊತ್ತಾಗಲಿಲ್ಲ. ಎರಡೂ ಬಿ12 ಕೊರತೆಯಲ್ಲಿ ಕಾಣುವ ಲಕ್ಷಣಗಳೇ.

"ದಿನಾ ಸೊಪ್ಪು ತಿಂತೀವಲ್ಲ ಡಾಕ್ಟ್ರೇ?" ಅಂದರು ಹೆಂಡತಿ. ಸೊಪ್ಪಿನಲ್ಲಿ ಫೋಲೇಟ್ ಇದೆ, ಬಿ12 ಇಲ್ಲ. ಬಿ12 ಬೇಕೆಂದರೆ ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ. ಇವರ ಮನೆಯಲ್ಲಿ ಮೊಟ್ಟೆ ಮುಟ್ಟುವುದಿಲ್ಲ, ಮಜ್ಜಿಗೆಯೂ ನೀರು. ಸಾಲದ್ದಕ್ಕೆ ನಾಲ್ಕು ವರ್ಷದಿಂದ ಅಂಗಡಿಯಲ್ಲೇ ಕೇಳಿ ತಂದ ಗ್ಯಾಸ್ಟ್ರಿಕ್ ಮಾತ್ರೆ. ಹೊಟ್ಟೆಯಲ್ಲಿ ಆಸಿಡ್ ಕಡಿಮೆಯಾದರೆ ಊಟದಲ್ಲಿರುವ ಅಷ್ಟಿಷ್ಟು ಬಿ12 ಕೂಡ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಬಿ12 ಕಡಿಮೆಯಿರುವಾಗ ಫೋಲಿಕ್ ಆಸಿಡ್ (ಮಾತ್ರೆಯಲ್ಲಿರುವ ಫೋಲೇಟ್) ಒಂದನ್ನೇ ನಾನು ಯಾವತ್ತೂ ಶುರು ಮಾಡುವುದಿಲ್ಲ. ರಕ್ತ ಸರಿಹೋದಂತೆ ಕಾಣುತ್ತದೆ, ಒಳಗೆ ನರ ಹಾಳಾಗುತ್ತಾ ಹೋಗುತ್ತದೆ. ಮೊದಲು ಬಿ12 ಇಂಜೆಕ್ಷನ್, 1000 ಮೈಕ್ರೋಗ್ರಾಂ, ದಿನ ಬಿಟ್ಟು ದಿನ ಎರಡು ವಾರ. ಆಮೇಲೆ ವಾರಕ್ಕೊಂದು. ಫೋಲಿಕ್ ಆಸಿಡ್ ನಂತರ ಸೇರಿಸಿದೆ. ಎರಡು ತಿಂಗಳಿಗೆ ಹೋಮೋಸಿಸ್ಟೀನ್ 14ಕ್ಕೆ ಇಳಿಯಿತು.

"ಹಾಗಾದ್ರೆ ಹೆಪ್ಪು ಕಟ್ಟದಿರಲು ಕೊಟ್ಟ ಆಸ್ಪಿರಿನ್ ಬಿಡಬಹುದಾ?" ಅಂತ ರೋಗಿ ಖುಷಿಯಿಂದ ಕೇಳಿದರು. ಖಂಡಿತ ಬೇಡ ಅಂದೆ. 2006ರಲ್ಲಿ ನಾರ್ವೆಯ ನಾರ್ವಿಟ್ ಅಧ್ಯಯನ ಬಂತು. ಹಾರ್ಟ್ ಅಟ್ಯಾಕ್ ಆದವರಿಗೆ ಬಿ ವಿಟಮಿನ್ ಕೊಟ್ಟಾಗ ಹೋಮೋಸಿಸ್ಟೀನ್ ಇಳಿಯಿತು, ಮತ್ತೆ ಅಟ್ಯಾಕ್ ಆಗುವುದು ಮಾತ್ರ ಕಡಿಮೆಯಾಗಲಿಲ್ಲ. ಅಂಕಿ ಇಳಿದರೆ ಅಪಾಯ ಕಳೆಯಿತು ಅಂತ ನಾನು ಯಾರಿಗೂ ಹೇಳಲಾರೆ. ನಾನು ತುಂಬಿದ್ದು ಬಿ12 ಕೊರತೆಯನ್ನು, ಅವರ ನರಕ್ಕೆ ಅದು ಬೇಕೇ ಬೇಕಿತ್ತು.

ಮನೆಯವರೆಲ್ಲ ಉಣ್ಣುವುದು ಒಂದೇ ಪಾತ್ರೆಯ ಅಡುಗೆ ಅಲ್ವಾ? ಹೆಂಡತಿ, ತಾಯಿ ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿದೆ. ಇಬ್ಬರಿಗೂ ಬಿ12 ಕಡಿಮೆಯೇ ಇತ್ತು. ತಾಯಿಗೆ ಅಂದೇ ಮೊದಲ ಇಂಜೆಕ್ಷನ್ ಕೊಟ್ಟೆ.